ಒಳಸುತ್ತು

ಪಾರ್ಕಿನಲ್ಲಿ ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಅಂಗಿಯ ಕಾಲರು ಎಲಿಹಿಯೊನ ಕುತ್ತಿಗೆಯನ್ನು ಕೊರೆಯತೊಡಗಿತ್ತು. ಗಂಜಿ ಹೆಚ್ಚಾಗಿದೆ. ಅವ್ವ ಬೇಕೆಂದೇ ಹೆಚ್ಚು ಹಾಕಿದ್ದಾಳೆಯೇ, ಅಥವಾ ವಯಸ್ಸಾಗಿ ಅವಳ ಕೈಗೆ ಅಳತೆ ತಪ್ಪುತ್ತಿದೆಯೇ ಎಂದು ಯೋಚಿಸುತ್ತ ಬೆರಳು ತೂರಿಸಿ ಸಡಿಲ ಮಾಡಿಕೊಳ್ಳಲು ಕೈಯೆತ್ತಿದ. ಅಷ್ಟರಲ್ಲಿ ಔಷಧದಂಗಡಿಯ ಯಜಮಾನ ಡಾನ್ ಬಾಲ್ದೊಮೆರೊ ಅವರ ಇಬ್ಬರು ಹೆಣ್ಣುಮಕ್ಕಳು ಎದುರಿನಿಂದ ಬರುತ್ತಿರುವುದು ಕಂಡು, ಎತ್ತಿದ ಕೈಯನ್ನು ಹಾಗೆಯೇ ಟೋಪಿಗೆ ಒಯ್ದು ತುಸು ಬಾಗಿದ. ಹುಡುಗಿಯರು ಅವನಿಗೆ ತಲೆಯಾಡಿಸಿದರು. ಅವನ ಪಕ್ಕದಲ್ಲಿ ನಡೆಯುತ್ತಿದ್ದ ಎತ್ತರದ ಕಪ್ಪು ಮನುಷ್ಯನನ್ನು ನೋಡಿದರು, ನೋಡಲಿಲ್ಲವೆಂಬ ಮುಖ ಮಾಡಿಕೊಂಡು ದಾಟಿದರು, ದಾಟಿದ ಮೇಲೆ ಹಿಂದಿನಿಂದ ಕಿಸಕ್ಕೆಂದರು. ಅದೇ ಹೊತ್ತಿಗೆ ಪೊಲೀಸಿನವನು ದೀಪದ ಕಂಬಕ್ಕೆ ಒರಗಿದ್ದ ಬೆನ್ನನ್ನು ನೆಟ್ಟಗೆ ಮಾಡಿಕೊಂಡು ಇವರ ಕಡೆ ಬಂದ.

'ಎಲಿಹಿಯೊ, ಇವನ್ಯಾರು? ಹೊಸಬನಾ? ಇವನಿಗೆ ಯಾರೂ ಹೇಳಿಲ್ವಾ?'

ಎಲಿಹಿಯೊ ಬಾಯಿ ತೆರೆಯುವ ಮೊದಲೇ ಬೆಂಚಿನಿಂದ ಡಾನ್ ಬಾಲ್ದೊಮೆರೊ ಬೆತ್ತವನ್ನು ಮೇಲೆತ್ತಿದರು. 'ಬಿಡೋ ಮಾರಾಯ, ಬಿಡು. ಅಮೇರಿಕದವರು. ಕವಿಗಳು. ಪತ್ರಿಕೆಯಲ್ಲಿ ಬಂದಿತ್ತಲ್ಲ, ಓದಲ್ವಾ ನೀನು?'

'ಅಮೇರಿಕದವರಾ! ಮೊದಲೇ ಹೇಳಬಾರದಾ ಮತ್ತೆ. ನಾನು ನಮ್ಮೂರವನೇ ಯಾರೋ ಅಂದ್ಕೊಂಡೆ.' ಪೊಲೀಸಿನವನು ಟೋಪಿಯ ಅಂಚು ಮುಟ್ಟಿ ಹಲ್ಲು ಬಿಟ್ಟ. ಅವನ ಮುಖವೂ ಅತಿಥಿಯ ಮುಖದಷ್ಟೇ ಕಪ್ಪಾಗಿತ್ತು.

'ಏನಂದ?' ಎಂದು ಸೈರಸ್ ಪೆಟಿಫರ್ಡ್ ಇಂಗ್ಲಿಷಿನಲ್ಲಿ ಕೇಳಿದ.

'ನಮಸ್ಕಾರ ಹೇಳಿದ.'

'ಅಷ್ಟು ಉದ್ದದ ನಮಸ್ಕಾರವೇ?' ಪೆಟಿಫರ್ಡ್ ನಗಲಿಲ್ಲ. ಎರಡು ಹೆಜ್ಜೆ ನಡೆದು, ಯಾರಿಗೂ ಅಲ್ಲವೆಂಬಂತೆ, 'ಇದು ಮೂರನೆಯ ದ್ವೀಪ. ಮೂರು ಕಡೆಯೂ ನನ್ನ ಬಣ್ಣವನ್ನು ಕ್ಷಮಿಸಿಬಿಟ್ಟರು,' ಎಂದ.

ಅವನ ಪಾದಗಳು ಊದಿಕೊಂಡಿದ್ದವು. ನಾಲ್ಕು ತಿಂಗಳ ತಿರುಗಾಟದಲ್ಲಿ ಷೂ ಬಿಗಿಯಾಗಿದೆಯೆಂದು ಬೆಳಿಗ್ಗೆ ಹೇಳಿದ್ದ. ಕಿಂಗ್‌ಸ್ಟನ್ನಿನಲ್ಲಿ ಹೋಟೆಲಿನ ಹೆಂಗಸು, ನಮ್ಮ ದ್ವೀಪದಲ್ಲಿ ಬಣ್ಣದ ಗಲಾಟೆಯೇ ಇಲ್ಲ ಎಂದು ಅರ್ಧ ಗಂಟೆ ವಿವರಿಸಿ, ಊಟವನ್ನು ಮಾತ್ರ ಕೋಣೆಗೇ ಕಳಿಸಲೇ ಎಂದು ಕೇಳಿದಳಂತೆ. ಪೋರ್ಟ್-ಓ-ಪ್ರಿನ್ಸಿನಲ್ಲಿ ಒಬ್ಬ ವಕೀಲ ಇವನ ಬೆನ್ನು ತಟ್ಟಿ, ನಿಮ್ಮಂಥ ಓದಿದವರನ್ನು ಕಪ್ಪು ಅನ್ನುವುದು ನನಗೆ ಸರಿ ಕಾಣುವುದಿಲ್ಲ ಎಂದನಂತೆ. ಹೇಳುವಾಗ ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ರೈಲು ತಡವಾಯಿತು ಎನ್ನುವವನ ಬೇಸರವಿತ್ತು. ಎಲಿಹಿಯೊ ಎಲ್ಲದಕ್ಕೂ ತಲೆಯಾಡಿಸಿದ್ದ. ಇಲ್ಲಿ ಕ್ಯೂಬಾದಲ್ಲಿ ಹಾಗಿಲ್ಲ ಎಂದೂ ಅಂದಿದ್ದನೇ? ಅಂದಿದ್ದ. ಈಗ ನೆನಪಾಗಿ ಕಿವಿ ಬಿಸಿಯಾಯಿತು.

ನಡುವಿನ ಮಂಟಪದಲ್ಲಿ ಬ್ಯಾಂಡಿನವರು ಒಂದು ನೃತ್ಯದ ಮಟ್ಟನ್ನು ಮುಗಿಸಿ, ಕಹಳೆಗಳಿಂದ ಎಂಜಲು ಝಾಡಿಸುತ್ತಿದ್ದರು. ಬ್ಯಾಂಡಿನಲ್ಲಿ ಅರ್ಧ ಜನ ಕಪ್ಪಗಿದ್ದರು. ಊದುವಷ್ಟು ಹೊತ್ತು ಅವರು ಎಲ್ಲರಿಗಿಂತ ಒಳಗೆ, ಮಂಟಪದೊಳಗೆ ಇರಬಹುದು. ಊದಿ ಮುಗಿದ ಮೇಲೆ ಮೆಟ್ಟಿಲಿಳಿದು, ತಲೆ ತಗ್ಗಿಸಿ, ಒಳಸುತ್ತನ್ನು ಅಡ್ಡಕ್ಕೆ ದಾಟಿ ಹೊರಗೆ ಹೋಗಬೇಕು. ಬೆಂಚುಗಳ ಸಾಲಿನಿಂದ ಒಳಗೆ ಬಿಳಿಯರು ಸುತ್ತುತ್ತಾರೆ, ಹೊರಗೆ ಕಪ್ಪು ಜನ. ಎರಡು ಸುತ್ತಿನಲ್ಲೂ ಗಂಡಸರು ಒಂದು ದಿಕ್ಕಿಗೆ, ಹೆಂಗಸರು ಎದುರು ದಿಕ್ಕಿಗೆ. ಹಿಂದೆ ಬೆಂಚುಗಳಿರುವಲ್ಲಿ ಕಬ್ಬಿಣದ ಕಟಕಟೆಯಿತ್ತಂತೆ. ಎಲಿಹಿಯೊ ಹುಟ್ಟುವ ಮೊದಲೇ ಅದನ್ನು ಕಿತ್ತು ಹಳೆ ಕಬ್ಬಿಣಕ್ಕೆ ಹಾಕಿದ್ದರು. ಕಿತ್ತ ಮರುದಿನವೂ ಜನ ಅದು ಇದ್ದಂತೆಯೇ ಸುತ್ತಿದರು, ಇವತ್ತಿಗೂ ಸುತ್ತುತ್ತಾರೆ. ಒಳಗಿನ ಗಂಡಸಿಗೆ ಹೊರಗಿನ ಹೆಂಗಸು ಒಂದು ಸುತ್ತಿಗೆ ಎರಡು ಸಲ ಎದುರಾಗುತ್ತಾಳೆ. ಒಂದು ಸಲ ಚರ್ಚಿನ ಬದಿಗೆ, ಒಂದು ಸಲ ರಂಗಮಂದಿರದ ಬದಿಗೆ. ಇದನ್ನು ಎಲಿಹಿಯೊ ಎಂದೂ ಲೆಕ್ಕ ಹಾಕಿ ಕಲಿತದ್ದಲ್ಲ. ಆ ಎರಡು ಜಾಗ ಹತ್ತಿರವಾದಂತೆ ಅವನ ಕಣ್ಣು ತಾನಾಗಿಯೇ ಮಂಟಪದ ಕಡೆಗೆ ತಿರುಗುತ್ತಿತ್ತು. ಹದಿನಾಲ್ಕನೆಯ ವಯಸ್ಸಿನಿಂದ ತಿರುಗುತ್ತಿತ್ತು.

ಅವ್ವನೇ ಕಳಿಸಿದ್ದು. ಇದನ್ನು ಅವನು ಆಗಾಗ ತನಗೇ ಹೇಳಿಕೊಳ್ಳಬೇಕಾಗುತ್ತಿತ್ತು. ರಾತ್ರಿ ಗುಂಗುರು ಕೂದಲಿಗೆ ಹರಳೆಣ್ಣೆ ತೀಡಿ, ಹಳೆಯ ಕಾಲುಚೀಲವನ್ನು ತಲೆಗೆ ಬಿಗಿದು ಮಲಗಿಸಿದವಳು ಅವಳು. ಬೆಳಿಗ್ಗೆ ಚೀಲ ಬಿಚ್ಚಿ ಅಂಗೈಯಿಂದ ಕೂದಲನ್ನು ಒತ್ತಿ ನೋಡಿ, 'ಕೂತಿದೆ' ಎಂದವಳು ಅವಳು. ಆ ಭಾನುವಾರ ಬೆಂಚಿನ ಹತ್ತಿರ ತಂದು ನಿಲ್ಲಿಸಿ, 'ಹೋಗು, ಆ ಕಡೆ ಹೋಗಿ ನಡಿ. ಯಾರಾದ್ರೂ ಕೇಳಿದ್ರೆ ಓಡಬೇಡ, ನಿಂತ್ಕೊ,' ಎಂದಳು. 'ನೀನು?' ಎಂದು ಕೇಳಿದ್ದ. 'ನಾನು ಇಲ್ಲೇ ಇರ್ತೀನಿ. ನನ್ನ ಕಡೆ ನೋಡಬೇಡ.' ಬೆನ್ನಿನ ಮೇಲೆ ಅವಳ ಅಂಗೈಯ ಬಿಸಿ. ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಎಂದೂ ಆರದ ಬಿಸಿ. ಯಾರೂ ಕೇಳಲಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಯಾರೂ ಕೇಳಿಲ್ಲ. ಅಪ್ಪ ಸಮುದ್ರದಾಚೆಯಿಂದ ಬಂದು ದಿನಸಿ ಅಂಗಡಿಯಲ್ಲಿ ಕೆಲಸಕ್ಕಿದ್ದು ವಾಪಸು ಹೋದ ಬಿಳಿಯ. ಕಾಗದಪತ್ರಗಳಲ್ಲಿ ಎಲಿಹಿಯೊನ ಮೈಬಣ್ಣ ಗೋಧಿ. ಡಾನ್ ಬಾಲ್ದೊಮೆರೊ ಅವರ ಅಂಗಿಗಳೂ ಅವನ ತಾಯಿ ನಿಕನೋರಾಳ ಕೈಯಿಂದಲೇ ಇಸ್ತ್ರಿಯಾಗಿ ಹೋಗುತ್ತಿದ್ದವು. ಅವಳು ಯಾರ ತಾಯಿಯೆಂಬುದು ಅವರಿಗೆ ಗೊತ್ತು, ಅವರಿಗೆ ಗೊತ್ತೆಂಬುದು ಅವನಿಗೆ ಗೊತ್ತು. ಊರಿನ ಸೌಜನ್ಯವೆಲ್ಲ ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದರಲ್ಲಿತ್ತು. ಪ್ರತಿ ಭಾನುವಾರ ಅವನು ಆ ಸೌಜನ್ಯದ ಮೇಲೆ, ತೆಳುವಾದ ಹಲಗೆಯ ಮೇಲೆ ನಡೆದಂತೆ ನಡೆಯುತ್ತಿದ್ದ.

'ನಿಮ್ಮ ತಾಯಿ ಇನ್ನೂ ಬಂದಿಲ್ಲವೇ?' ಪೆಟಿಫರ್ಡ್ ಕೊರಳಿಗೆ ನೇತುಹಾಕಿದ್ದ ಕ್ಯಾಮೆರಾವನ್ನು ಮುಟ್ಟಿ ನೋಡಿಕೊಂಡ. 'ಬೆಳಕು ಹೋಗುತ್ತದೆ.'

'ಬರುತ್ತಾರೆ.'

ಅವಳು ಬಂದಾಗಿತ್ತು. ಮೊದಲ ಸುತ್ತಿನಲ್ಲೇ ಚರ್ಚಿನ ಬದಿಗೆ ನೀಲಿ ಉಡುಪು ಕಣ್ಣಂಚಿನಲ್ಲಿ ಹಾದುಹೋಗಿತ್ತು. ಪಕ್ಕದಲ್ಲಿ ಅವಳ ಗೆಳತಿ ದೊರೊತೇಯಾಳ ದಪ್ಪ ದನಿಯ ನಗು. ಇಷ್ಟು ಹೊತ್ತಿಗೆ ನಾಲ್ಕು ಸಲ ದಾಟಿಯಾಗಿತ್ತು. ಪ್ರತಿ ಸಲವೂ ಅವನು, ಈಗ ಹೇಳುತ್ತೇನೆ, ಈಗ ಎಂದುಕೊಂಡು ಮಂಟಪದ ಕಡೆ ತಿರುಗಿದ್ದ.

ಬೆಳಿಗ್ಗೆ ವಿಧವೆ ಲುತ್ಗಾರ್ದಾಳ ವಸತಿಗೃಹದಲ್ಲಿ, ಕಾಫಿಗೆ ಅದ್ದಿದ ಬ್ರೆಡ್ಡಿನ ತುಂಡು ಕೈಯಲ್ಲಿರುವಾಗಲೇ ಎಲಿಹಿಯೊ ಆ ಮಾತನ್ನು ಹೇಳಿಬಿಟ್ಟಿದ್ದ. ಊರಿನ ಒಳ್ಳೆಯ ಹೋಟೆಲಿನಲ್ಲಿ ಕೋಣೆಗಳು ಭರ್ತಿಯಾಗಿದ್ದವು. ಪೆಟಿಫರ್ಡನ ಮುಖ ಕಂಡ ಮೇಲೆ ಭರ್ತಿಯಾದವು. ಆಗ ಇನ್ನೂ ಯಾರೂ ಅವನು ಅಮೇರಿಕದವನೆಂದು ಹೇಳಿರಲಿಲ್ಲ. ಆಮೇಲೆ ವಿಷಯ ತಿಳಿದ ಹೋಟೆಲಿನವರು ಆಳನ್ನು ಕಳಿಸಿ ಕ್ಷಮೆ ಕೇಳಿದರೂ ಅವನು ಲುತ್ಗಾರ್ದಾಳ ಮನೆಯ ಕೀಲು ಸಡಿಲಿದ ಮಂಚ ಬಿಟ್ಟು ಕದಲಲಿಲ್ಲ. ಇವತ್ತು ಬೆಳಿಗ್ಗೆ ಆ ಮಂಚದ ಮೇಲೆ ಕುಳಿತು, ಬರಿಗಾಲನ್ನು ತಣ್ಣೀರಿನ ಬೋಗುಣಿಯಲ್ಲಿಟ್ಟುಕೊಂಡು, ನ್ಯೂಯಾರ್ಕಿನಿಂದ ಬಂದ ಕಾಗದ ತೋರಿಸಿದ. ದ್ವೀಪಗಳ ಕಪ್ಪು ಕವಿಗಳ ಸಂಕಲನ. ಪ್ರಕಾಶಕರು ಒಪ್ಪಿದ್ದಾರೆ. ಎಲಿಹಿಯೊನ ಹನ್ನೊಂದು ಕವಿತೆಗಳಲ್ಲಿ ಐದನ್ನು ಆರಿಸಿಕೊಂಡಾಗಿದೆ. 'ಇಸ್ತ್ರಿ' ಎಂಬ ಕವಿತೆಯನ್ನು ಮೊದಲು ಹಾಕಬೇಕೆಂದಿದ್ದಾನೆ. ಪ್ರತಿ ಕವಿಯ ಬಗ್ಗೆ ನಾಲ್ಕು ಸಾಲು, ಒಂದು ಭಾವಚಿತ್ರ.

'ತಪ್ಪು ತಿಳಿಯಬೇಡಿ,' ಎಂದ ಪೆಟಿಫರ್ಡ್. 'ನಿಮ್ಮ ಮುಖ ನೋಡಿದರೆ ನನಗೆ ಏನೂ ಗೊತ್ತಾಗೋದಿಲ್ಲ. ನಮ್ಮ ಕಡೆ ನಿಮಗಿಂತ ಬೆಳ್ಳಗಿರೋರನ್ನೂ ರೈಲಿನ ಬೇರೆ ಡಬ್ಬಿಗೆ ಕಳಿಸ್ತಾರೆ. ಅಲ್ಲಿ ಕೇಳೋ ಪ್ರಮೇಯವೇ ಇಲ್ಲ. ಇಲ್ಲಿ ಕೇಳಬೇಕಾಗಿದೆ. ನೀವು ಕಪ್ಪು ಜನದವರೇ?'

'ನನ್ನ ತಾಯಿ ಕಪ್ಪು,' ಎಂದ ಎಲಿಹಿಯೊ. ಯಾವ ಭಾಷೆಯಲ್ಲೂ ಆವರೆಗೆ ಬಾಯಿಬಿಟ್ಟು ಹೇಳದ ವಾಕ್ಯ. ಸಕ್ಕರೆ ಕಾರ್ಖಾನೆಯ ಅಮೇರಿಕನ್ ಕಚೇರಿಯಲ್ಲಿ ಗುಮಾಸ್ತನಾಗಿದ್ದಾಗ ಕಲಿತ ಇಂಗ್ಲಿಷಿನಲ್ಲಿ ಅದು ಪಾಠದ ಪುಸ್ತಕದ ವಾಕ್ಯದಂತೆ ಸಲೀಸಾಗಿ ಬಂತು. ಪೆನ್ಸಿಲು ಮೇಜಿನ ಮೇಲಿದೆ. ನನ್ನ ತಾಯಿ ಕಪ್ಪು. ಹೇಳಿದ ಮೇಲೆ ಹಗುರಾದಂತೆ ಅನ್ನಿಸಿದ್ದೂ ಹೌದು. ಆ ಹಗುರ ಕಾಫಿ ಮುಗಿಯುವವರೆಗೂ ಉಳಿಯಲಿಲ್ಲ. ಯಾಕೆಂದರೆ ಪೆಟಿಫರ್ಡ್ ಕೂಡಲೇ, 'ಹಾಗಾದರೆ ತಾಯಿ ಮಗ ಇಬ್ಬರದ್ದೂ ಚಿತ್ರ ತೆಗೀತೀನಿ. ನಾಲ್ಕು ಸಾಲೂ ಬೇಕಾಗೋದಿಲ್ಲ, ಚಿತ್ರವೇ ಹೇಳುತ್ತೆ. ಎಲ್ಲಿದ್ದಾರೆ ಅವರು?' ಎಂದಿದ್ದ.

ಹದಿನೈದು ವರ್ಷಗಳಿಂದ ಊರಿನ ಪತ್ರಿಕೆಯಲ್ಲಿ ಬೇರೆಯವರ ಕರಡು ತಿದ್ದುತ್ತ, ತನ್ನ ಪದ್ಯಗಳನ್ನು ಹಾಳೆಯ ಕೊನೆಯಲ್ಲಿ ಮಿಕ್ಕ ಜಾಗ ತುಂಬಲು ಕೊಡುತ್ತ ಬಂದವನಿಗೆ, ಗಟ್ಟಿ ರಟ್ಟಿನ ಪುಸ್ತಕ. ದೂರದ ಊರಿನಲ್ಲಿ ಯಾರೋ ಅದನ್ನು ತೆರೆಯುತ್ತಾರೆ. ಅದಕ್ಕೆ ಬೇಕಾದ್ದು ಇಷ್ಟೇ: ಅವಳು ಬಂದು ಪಕ್ಕದಲ್ಲಿ ನಿಲ್ಲಬೇಕು.

ಆದರೆ ಗುರುವಾರದ ವಿಷಯವೊಂದಿತ್ತು. ಆ ಸಂಜೆ ಪೆಟಿಫರ್ಡ್ ರೈಲಿನಿಂದ ಇಳಿದು, ಹೋಟೆಲಿನಿಂದ ಹೊರಬಿದ್ದು, ಪೆಟ್ಟಿಗೆಯನ್ನು ಲುತ್ಗಾರ್ದಾಳ ಮನೆಯಲ್ಲಿಟ್ಟು, ಇಬ್ಬರೂ ಪಾರ್ಕಿನ ಅಂಚಿನಲ್ಲಿ ನಿಂತು ಬ್ಯಾಂಡು ಕೇಳುತ್ತಿದ್ದರು. ಅವನು 'ಇಸ್ತ್ರಿ' ಕವಿತೆಯ ಬಗ್ಗೆಯೇ ಮಾತಾಡುತ್ತಿದ್ದ. ಕೆಂಡ ತುಂಬಿದ ಪೆಟ್ಟಿಗೆ, ಮರಗೆಣಸಿನ ಗಂಜಿಯ ಹುಳಿ ವಾಸನೆ, ಬೇರೆಯವರ ತೋಳುಗಳನ್ನು ಮಡಿಸುವ ಹೆಂಗಸು. 'ಯಾರು ಆಕೆ?' ಎಂದು ಕೇಳಿದ. 'ಯಾರೋ, ನಮ್ಮ ಬೀದಿಯವಳು,' ಎಂದ ಎಲಿಹಿಯೊ. ಅಷ್ಟರಲ್ಲಿ ಅವಳೇ ಎದುರಿಗೆ, ಎರಡು ಗಜ ದೂರದಲ್ಲಿ ಹಾದುಹೋದಳು. ಅವನು ನಿಂತಿದ್ದದ್ದು ಎಂದಿನ ಜಾಗದಲ್ಲಲ್ಲ, ಆದ್ದರಿಂದ ಕಣ್ಣು ತಿರುಗಿಸಲು ತಡವಾಯಿತು. ಅವಳು ನೋಡಿದಳು. 'ನಿಮ್ಮನ್ನು ಗುರುತು ಹಿಡಿದರಲ್ಲ,' ಎಂದ ಪೆಟಿಫರ್ಡ್. 'ನಮ್ಮ ಬಟ್ಟೆ ಇಸ್ತ್ರಿ ಮಾಡುವವಳು,' ಎಂದ ಎಲಿಹಿಯೊ. ಸುಳ್ಳೇನಲ್ಲ. ಹೇಳುವಾಗಲೇ ಅದು ಸುಳ್ಳಲ್ಲವೆಂಬ ಸಮಾಧಾನ ಎಷ್ಟು ಚುರುಕಾಗಿ ಒದಗಿತೆಂದರೆ, ಅದೇ ಈಗ ಎಲ್ಲಕ್ಕಿಂತ ಹೇಸಿಗೆಯಾಗಿ ಕಾಣುತ್ತಿತ್ತು.

ಮನೆಗೆ ಹೋದಾಗ ಅವಳು ಮೇಜಿನ ಮೇಲೆ ಯಾರದೋ ಲಿನನ್ ಕೋಟು ಹಾಸಿಕೊಂಡು ನೀರು ಚಿಮುಕಿಸುತ್ತಿದ್ದಳು. 'ಆ ಕಪ್ಪು ದೊರೆ ನನ್ನ ಬಗ್ಗೆ ಏನೋ ಕೇಳಿದ ಅಲ್ವಾ?' ಎಂದಳು, ತಲೆಯೆತ್ತದೆ.

'ಇಲ್ಲವ್ವ. ಬ್ಯಾಂಡಿನ ವಿಷಯ ಮಾತಾಡ್ತಿದ್ವಿ.'

'ಬ್ಯಾಂಡು ಆ ಕಡೆ ಇತ್ತು. ಅವನ ಮುಖ ನನ್ನ ಕಡೆ ತಿರುಗಿತ್ತು.' ಪೆಟ್ಟಿಗೆಯನ್ನು ಕೋಟಿನ ಮೇಲೆ ಒತ್ತಿದಳು. ಹಬೆ ಎದ್ದು ಅವಳ ಮುಖ ಒಂದು ಕ್ಷಣ ಕಾಣದಾಯಿತು. ಮತ್ತೆ ಆ ಮಾತು ಬರಲಿಲ್ಲ. ಇವತ್ತು ಬೆಳಿಗ್ಗೆ ಅಂಗಿ ಕೊಡುವಾಗಲೂ ಬರಲಿಲ್ಲ. ಫೋಟೋದ ವಿಷಯವನ್ನು ಮಧ್ಯಾಹ್ನ ಮನೆಯಲ್ಲೇ ಹೇಳಿಬಿಡಬೇಕಿತ್ತು. ಅನ್ನ, ಕರಿ ಅವರೆ, ಹುರಿದ ಬಾಳೆಕಾಯಿಯ ತಟ್ಟೆಗಳ ನಡುವೆ, ಯಾರೂ ಇಲ್ಲದಾಗ. ಅವನು ಹೇಳಿದ್ದು ಇಷ್ಟು: 'ಸಂಜೆ ಪಾರ್ಕಿಗೆ ಬರ್ತೀಯಲ್ಲ?' ಅವಳು ಆಶ್ಚರ್ಯದಿಂದ ನೋಡಿದಳು. 'ಯಾವ ಭಾನುವಾರ ಬಂದಿಲ್ಲ ನಾನು? ನೀನು ಎಂದೂ ಕೇಳಿದವನಲ್ಲ, ಇವತ್ತೇನು ಹೊಸದು?'

ಮೂರನೆಯ ಸುತ್ತಿನಲ್ಲಿ ರಂಗಮಂದಿರದ ಬದಿಗೆ ಬರುವಾಗ ಅವನು ಕುತ್ತಿಗೆಯನ್ನು ಬಲವಂತವಾಗಿ ಹೊರಕ್ಕೆ ತಿರುಗಿಸಿದ. ತುಕ್ಕು ಹಿಡಿದ ನಲ್ಲಿಯನ್ನು ತಿರುಗಿಸಿದಂತಾಯಿತು. ಬೆಂಚುಗಳ ಆಚೆ, ದೊರೊತೇಯಾಳ ತೋಳು ಹಿಡಿದುಕೊಂಡು ಅವಳು ಬರುತ್ತಿದ್ದಳು. ಇಷ್ಟು ಕುಳ್ಳಗಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಮೇಜಿನ ಹಿಂದೆ ನಿಂತ ಅವಳನ್ನು ನೋಡಿದ್ದ, ಒಲೆಯ ಮುಂದೆ ಕುಳಿತ ಅವಳನ್ನು ನೋಡಿದ್ದ. ನಡೆಯುವ ಅವಳನ್ನು, ಜನರ ನಡುವೆ, ಎಷ್ಟು ವರ್ಷವಾಗಿತ್ತು ನೋಡಿ! ಎಡಗಾಲನ್ನು ತುಸು ಎಳೆದು ಹಾಕುತ್ತಿದ್ದಳು. ಯಾವಾಗಿನಿಂದ? ಅವಳು ಮಾತ್ರ ಅವನ ಕಡೆ ನೋಡಲಿಲ್ಲ. ತಾನೇ ಹಾಕಿಕೊಟ್ಟ ನಿಯಮದಂತೆ ಮುಂದೆ ನೋಡುತ್ತ ದಾಟಿದಳು.

'ಪೆಟಿಫರ್ಡ್,' ಎಂದ. 'ಗುರುವಾರ ಒಬ್ಬ ಹೆಂಗಸನ್ನು ತೋರಿಸಿ, ಬಟ್ಟೆ ಇಸ್ತ್ರಿ ಮಾಡುವವಳು ಅಂದೆನಲ್ಲ.'

'ಹೌದು.'

'ಅವರು ನನ್ನ ತಾಯಿ.'

ಪೆಟಿಫರ್ಡ್ ನಿಲ್ಲಲಿಲ್ಲ. ಅದೇ ಭಾರವಾದ ಹೆಜ್ಜೆ ಹಾಕುತ್ತ ನಡೆದ. ಬೈಯುತ್ತಾನೆ, ಇಲ್ಲವೇ ಅಪ್ಪಿಕೊಳ್ಳುತ್ತಾನೆ ಎಂದು ಎಲಿಹಿಯೊ ಕಾದ. ಎರಡಕ್ಕೂ ಮೈ ಬಿಗಿಹಿಡಿದಿದ್ದ.

'ನನಗೆ ಗುರುವಾರವೇ ಗೊತ್ತಾಯಿತು,' ಎಂದ ಪೆಟಿಫರ್ಡ್. 'ಅದೇ ಹಣೆ. ಬೆಳಿಗ್ಗೆ ನೀವಾಗಿ ಹೇಳಬಹುದು ಅಂತ ಕಾದೆ.' ಕರವಸ್ತ್ರ ತೆಗೆದು ಮುಖ ಒರೆಸಿಕೊಂಡ. 'ಬೇಜಾರು ಮಾಡಿಕೊಳ್ಳಬೇಡಿ. ಈ ಪ್ರಯಾಣದಲ್ಲಿ ನನಗೆ ಪರಿಚಯ ಮಾಡಿಸಿದ ಅಡಿಗೆಯವರಲ್ಲಿ ಎಷ್ಟು ಜನ ಅಜ್ಜಿಯಂದಿರೋ, ಎಷ್ಟು ಜನ ಚಿಕ್ಕಮ್ಮಂದಿರೋ. ಮೊದಮೊದಲು ಸಿಟ್ಟು ಬರೋದು. ಈಗ ಕಾಲು ನೋಯುತ್ತೆ, ಅಷ್ಟೇ. ಕರೀರಿ ಅವರನ್ನ. ಇನ್ನು ಹತ್ತು ನಿಮಿಷ ಬೆಳಕಿದೆ.'

ಬೈದಿದ್ದರೆ ಚೆನ್ನಾಗಿತ್ತು. ತನ್ನ ಇಪ್ಪತ್ತೆರಡು ವರ್ಷದ ಗುಟ್ಟು ಇವನಿಗೆ ಒಂದು ಹಳೆಯ ಸುದ್ದಿ. ಪ್ರತಿ ಬಂದರಿನಲ್ಲೂ ತಿನ್ನಿಸುವ ಅದೇ ಸಪ್ಪೆ ಊಟ. ಎಲಿಹಿಯೊ ಚರ್ಚಿನ ಬದಿಗೆ ಬರುವವರೆಗೆ ನಡೆದ. ಅಲ್ಲಿ ಎರಡು ಬೆಂಚುಗಳ ನಡುವೆ ಮೂರು ಗೇಣಿನ ಸಂದು. ಅದನ್ನು ಅವನು ಹದಿನಾಲ್ಕರಲ್ಲಿ ಒಮ್ಮೆ ಒಳಮುಖವಾಗಿ ದಾಟಿದ್ದ. ಆಮೇಲೆ ಯಾವ ಭಾನುವಾರವೂ ಅಲ್ಲಿಂದ ಹೊರಗೆ ಹೋಗಿರಲಿಲ್ಲ, ಬೀದಿಯ ಮೂಲೆಯಿಂದ ಸುತ್ತಿ ಬಳಸಿ ಮನೆಗೆ ಹೋಗುತ್ತಿದ್ದ. ಈಗ ಪಕ್ಕಕ್ಕೆ ತಿರುಗಿ ಸಂದಿನಲ್ಲಿ ನುಸುಳಿದ. ಬೆನ್ನ ಹಿಂದೆ ಒಳಸುತ್ತಿನ ಹೆಜ್ಜೆಗಳು ಒಂದು ಕ್ಷಣ ತಡೆದು ಮತ್ತೆ ಹರಿದಂತೆ ಅನ್ನಿಸಿತು. ತಿರುಗಿ ನೋಡಲಿಲ್ಲ. ಬಾಲ್ದೊಮೆರೊ ನೋಡುತ್ತಿರಬಹುದು. ನೋಡಲಿ. ಈ 'ನೋಡಲಿ' ಎಂಬುದರಲ್ಲಿ ಸಣ್ಣದೊಂದು ಹೆಮ್ಮೆ ತಲೆಯೆತ್ತಿದ್ದನ್ನೂ ಅವನು ಗಮನಿಸಿದ. ಇದು ಆಗಲೇ ಒಂದು ಕವಿತೆಯಾಗಲು ಹೊರಟಿತ್ತು.

'ಏನ್ ಸ್ವಾಮೀ, ದಾರಿ ತಪ್ಪಿತಾ?' ದೊರೊತೇಯಾ ಮೊದಲು ಕಂಡಳು. 'ನಿಮ್ಮ ಸುತ್ತು ಆ ಕಡೆ ಇದೆ. ನಿಕನೋರಾ, ನೋಡೇ ಇಲ್ಲಿ, ನಿನ್ನ ರಾಜಕುಮಾರ ಪಲ್ಲಕ್ಕಿಯಿಂದ ಇಳಿದು ಬಂದ.'

ನಿಕನೋರಾ ನಿಂತಳು. ಅವಳು ಮೊದಲು ನೋಡಿದ್ದು ಅವನನ್ನಲ್ಲ, ಅವನ ಹಿಂದಿನ ಬೆಂಚುಗಳನ್ನು. 'ಏನಾಯ್ತು? ಯಾರಾದ್ರೂ ಏನಾದ್ರೂ ಅಂದ್ರಾ?' ದನಿ ಗಾಬರಿಯದು.

'ಯಾರೂ ಏನೂ ಅಂದಿಲ್ಲ. ಅವ್ವಾ, ಬಾ.'

'ಎಲ್ಲಿಗೆ?'

'ಒಳಕ್ಕೆ. ಇವರು ಫೋಟೋ ತೆಗೀತಾರೆ. ನಂದು ನಿಂದು. ನ್ಯೂಯಾರ್ಕಲ್ಲಿ ಪುಸ್ತಕ ಬರುತ್ತೆ, ಅದಕ್ಕೆ.'

'ಏನು ಪುಸ್ತಕ?'

'ಕವಿತೆ ಪುಸ್ತಕ. ಕಪ್ಪು ಜನ ಬರೆದದ್ದು.'

'ಅದರಲ್ಲಿ ನೀನೆಲ್ಲಿ ಬಂದೆ?' ಎಂದು ದೊರೊತೇಯಾ ಬಾಯಿ ಹಾಕಿದಳು. ನಿಕನೋರಾ ಅವಳ ತೋಳನ್ನು ಮೆಲ್ಲಗೆ ತಟ್ಟಿ ಸುಮ್ಮನಿರಿಸಿದಳು. ಹಿಂದಿನಿಂದ ಬರುತ್ತಿದ್ದ ಹೆಂಗಸರು ಇವರನ್ನು ಬಳಸಿಕೊಂಡು ಹೋಗತೊಡಗಿದ್ದರು. ಪೆಟಿಫರ್ಡನೂ ಸಂದಿನಿಂದ ಹೊರಗೆ ಬಂದು, ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದ. ಅವಳು ಅವನನ್ನು ಪಾದದಿಂದ ತಲೆಯವರೆಗೆ ನೋಡಿದಳು. ಷೂಗಳ ಹತ್ತಿರ ಅವಳ ಕಣ್ಣು ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

'ಪಾಪ, ಕಾಲು ಊದಿದೆ ಇವರಿಗೆ,' ಎಂದಳು. ಆಮೇಲೆ ಅದೇ ದನಿಯಲ್ಲಿ, 'ಗುರುವಾರ ಇವರಿಗೆ ನನ್ನ ಯಾರು ಅಂತ ಹೇಳಿದ್ದೆ?' ಎಂದು ಮಗನನ್ನು ಕೇಳಿದಳು.

ಬ್ಯಾಂಡು ಹೊಸ ಮಟ್ಟು ಹಿಡಿಯಿತು. ಎಲಿಹಿಯೊಗೆ ನಾಲಿಗೆಯ ತುದಿಯಲ್ಲಿ ಎರಡು ಮೂರು ಉತ್ತರಗಳು ಬಂದು ಹೋದವು. ಎಲ್ಲವೂ ಚೆನ್ನಾಗಿದ್ದವು.

'ಇಸ್ತ್ರಿ ಮಾಡೋಳು ಅಂತ.'

'ಹೂಂ.'

ಅವಳು ಕೈಯೆತ್ತಿದಳು. ಹೊಡೆಯುತ್ತಾಳೆಂದು ಅವನ ರೆಪ್ಪೆ ತಾನಾಗಿ ಮುಚ್ಚಿತು. ಬಿಸಿಯಾದ ಬೆರಳೊಂದು ಕಾಲರಿನೊಳಗೆ ತೂರಿ, ಸುತ್ತಲೂ ಓಡಾಡಿ, ಗಟ್ಟಿ ಬಟ್ಟೆಯನ್ನು ಮುರಿದು ಸಡಿಲ ಮಾಡಿತು. 'ಗಂಜಿ ಜಾಸ್ತಿ ಆಯ್ತು. ಬೆಳಿಗ್ಗೆ ಮನಸ್ಸು ಎಲ್ಲೋ ಇತ್ತು ನಂದು,' ಎಂದಳು.

'ಅವ್ವಾ, ಎರಡೇ ನಿಮಿಷ. ಒಳಕ್ಕೆ ಬರೋದು ಬೇಡ ಬೇಕಾದ್ರೆ. ಇಲ್ಲೇ ನಿಲ್ಲೋಣ, ಈ ಬೆಂಚಿನ ಹತ್ತಿರ. ನೀನು ಪಕ್ಕದಲ್ಲಿ ನಿಂತರೆ ಸಾಕು. ಇಲ್ಲಾಂದ್ರೆ ನನ್ನ ತಗೊಳ್ಳಲ್ಲ ಅವರು.'

'ನಾನು ಪಕ್ಕದಲ್ಲಿ ಇಲ್ಲ ಅಂತ ತಾನೇ ಆ ಕಡೆಯವರು ನಿನ್ನ ಒಳಗೆ ತಗೊಂಡಿದ್ದು.' ಬೆಂಚುಗಳ ಕಡೆ ಗಲ್ಲ ಎತ್ತಿ ತೋರಿಸಿದಳು. ಕೊಂಕಿರಲಿಲ್ಲ, ಕೊಡದೇ ಉಳಿದ ಬಟ್ಟೆ ಯಾರದೆಂದು ನೆನಪು ಮಾಡಿಕೊಳ್ಳುವವಳಂತೆ ಹೇಳಿದಳು. 'ಅವತ್ತು ನಾನೇ ಕಳಿಸಿದೆ. ಸರಿ. ಅದು ನನ್ನ ಇಷ್ಟ.'

ಪೆಟಿಫರ್ಡ್‌ಗೆ ಮಾತು ಅರ್ಥವಾಗದಿದ್ದರೂ ಏನೋ ಅರ್ಥವಾದಂತಿತ್ತು. ಅವನು ಕ್ಯಾಮೆರಾವನ್ನು ಬಿಟ್ಟು, ಮುಂದೆ ಬಂದು, ತಪ್ಪುತಪ್ಪಾದ ಸ್ಪ್ಯಾನಿಷಿನಲ್ಲಿ 'ಅಮ್ಮಾ, ದಯವಿಟ್ಟು' ಎಂದು ತನ್ನ ತೋಳನ್ನು ಬಾಗಿಸಿ ಅವಳತ್ತ ಚಾಚಿದ. ಸಾಲಿನ ಹೆಂಗಸರು ಈಗ ನಿಂತೇಬಿಟ್ಟಿದ್ದರು. ಬೆಂಚುಗಳ ಆಚೆಯೂ ಕೆಲವರು ನಿಂತಿದ್ದರು. ನಿಕನೋರಾ ಆ ತೋಳನ್ನು ನೋಡಿದಳು. ಒಳ್ಳೆಯ ಬಟ್ಟೆ, ಕೆಟ್ಟದಾಗಿ ಇಸ್ತ್ರಿಯಾದ ತೋಳು.

'ನೀವು ತಪ್ಪು ತಿಳೀಬೇಡಿ ಸ್ವಾಮಿ,' ಎಂದು ಅವನಿಗೆ ಹೇಳಿ, ಮಗನ ಕಡೆ ತಿರುಗಿದಳು. 'ಇಸ್ತ್ರಿ ಮಾಡೋಳು ಭಾನುವಾರ ಕೆಲಸ ಮಾಡಲ್ಲ. ಹಾಗಂತ ಹೇಳು ಇವರಿಗೆ.'

'ಅವ್ವಾ...'

'ಇಂಗ್ಲಿಷಲ್ಲಿ ಹೇಳು.' ದೊರೊತೇಯಾಳ ತೋಳನ್ನು ಮತ್ತೆ ಹಿಡಿದುಕೊಂಡಳು. 'ಬರಲ್ಲ ನಾನು.'